ಊಸರವಳ್ಳಿ ಗಾಳಿ ತಿಂದು ಬದುಕುವುದಿಲ್ಲ



ಕೆಲವು ವಾರಗಳ ಹಿಂದೆ ನಮ್ಮ ಕಾರ್ಯಕ್ರಮದಲ್ಲಿ 'ಗೋಸುಂಬೆ' ಎಂಬ ಪದದ ಬಗ್ಗೆ ಮಾತಾಡಿದ್ದೆ. ಚುನಾವಣೆ ಬಂದಾಗ ಮಾತ್ರ ನಮಗೆ ನೆನಪಾಗುವ ಪ್ರಾಣಿ ಅದು, ಪಕ್ಷ ಬದಲಾಯಿಸಿದವರನ್ನು ಬೈಯುವುದಕ್ಕೆ ಅಂತ ನಗೆಯಾಡಿದ್ದೂ ಆಯಿತು. ಕಾರ್ಯಕ್ರಮ ಮುಗಿದ ಮೇಲೆ ಸ್ಟುಡಿಯೋಗೆ ಒಂದು ಫೋನ್ ಬಂತು. ಒಬ್ಬ ತಾಯಿ ಮಾತಾಡುತ್ತಿದ್ದರು.

"ಮೇಡಂ, ನನ್ನ ಮಗನಿಗೆ ಹುಟ್ಟುಹಬ್ಬಕ್ಕೆ ಯಾರೋ ಒಂದು ಫಾರಿನ್ ಊಸರವಳ್ಳಿ ಕೊಟ್ಟಿದಾರೆ. ಹಗಲೆಲ್ಲ ಕಣ್ಣು ಮುಚ್ಕೊಂಡೇ ಇರತ್ತೆ. ಬಟ್ಟಲಲ್ಲಿ ನೀರಿಟ್ರೆ ಮುಟ್ಟಲ್ಲ. ತಂದುಕೊಟ್ಟವರು, ಇದಕ್ಕೆ ಊಟ ಏನೂ ಬೇಕಿಲ್ಲ, ಗಾಳಿ ಬೆಳಕು ಇದ್ರೆ ಸಾಕು ಅಂದಿದ್ರು."

ನಾನು ಪ್ರಾಣಿವೈದ್ಯೆಯಲ್ಲ. ಹಾವು, ಆಮೆ ನೋಡುವ ವೈದ್ಯರು ಯಾರಾದರೂ ಇದ್ದರೆ ಇವತ್ತೇ ಹೋಗಿ ಎಂದೆ. ಅವರು ಹೋದರು, ಆದರೆ ತಡವಾಗಿತ್ತು. ಮೂರನೆಯ ದಿನ ಮತ್ತೆ ಫೋನ್ ಮಾಡಿ, "ಮಗ ತುಂಬಾ ಅಳ್ತಿದಾನೆ, ನಮಗೆ ಗೊತ್ತೇ ಆಗ್ಲಿಲ್ಲ ಮೇಡಂ" ಎಂದರು.

ಗೊತ್ತೇ ಆಗಲಿಲ್ಲ ಎಂಬ ಆ ಮಾತು ನನ್ನನ್ನು ಬಿಡಲಿಲ್ಲ. 'ಗಾಳಿ ಇದ್ದರೆ ಸಾಕು' ಎಂಬ ಮಾತು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆ. ಅದಕ್ಕೆ ಸುಮಾರು ಎರಡು ಸಾವಿರ ವರ್ಷಗಳ ಇತಿಹಾಸವಿದೆ!

ಕ್ರಿ.ಪೂ. 4ನೇ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲ್ ಪ್ರಾಣಿಗಳ ಬಗ್ಗೆ ಬರೆದ ಗ್ರಂಥದಲ್ಲಿ ಊಸರವಳ್ಳಿಯನ್ನು ವಿವರವಾಗಿ ವರ್ಣಿಸಿದ್ದಾನೆ. ಎಲ್ಲ ದಿಕ್ಕಿಗೂ ತಿರುಗುವ ಕಣ್ಣು, ಗಾಳಿ ತುಂಬಿ ಮೈ ಉಬ್ಬಿದಾಗ ಬದಲಾಗುವ ಬಣ್ಣ, ಎಲ್ಲವೂ ಅಲ್ಲಿವೆ. ಆದರೆ ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ, ಈ ಪ್ರಾಣಿ ಏನನ್ನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ, ಗಾಳಿಯಿಂದಲೇ ಬದುಕುತ್ತದೆ ಎಂದು ಬರೆದುಬಿಟ್ಟ. ಅವನ ಗ್ರಂಥವನ್ನು ಯುರೋಪು ಶತಮಾನಗಟ್ಟಲೆ ಪ್ರಮಾಣವೆಂದು ಓದಿತು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಕೂಡ ಊಸರವಳ್ಳಿಯ ಗಾಳಿಯೂಟದ ಮಾತಾಡುತ್ತಾನೆ.

ನಂಬಿಕೆ ಯಾಕೆ ಹುಟ್ಟಿತು ಎಂದು ಊಹಿಸುವುದು ಕಷ್ಟವಲ್ಲ. ಗಂಟೆಗಟ್ಟಲೆ ಅಲುಗದೆ ಕೂರುವ ಪ್ರಾಣಿ. ಅದರ ನಾಲಿಗೆ ಮೈಯಷ್ಟೇ ಉದ್ದ, ಕೆಲವು ಜಾತಿಗಳಲ್ಲಿ ಇನ್ನೂ ಉದ್ದ. ಅದು ಹೊರಗೆ ಚಿಮ್ಮಿ ಒಳಗೆ ಹೋಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ತಿನ್ನುವುದನ್ನು ನಾವು ನೋಡಲಿಲ್ಲ, ಆದ್ದರಿಂದ ಅದು ತಿನ್ನುವುದಿಲ್ಲ ಎಂದುಕೊಂಡೆವು.

ಈ ಮಾತನ್ನು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಬ್ರೌನ್ ಒಬ್ಬ. ಜನರ ತಪ್ಪು ನಂಬಿಕೆಗಳ ಬಗ್ಗೆ 1646ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಊಸರವಳ್ಳಿಗೇ ಒಂದು ಅಧ್ಯಾಯ ಕೊಟ್ಟ. ಗಾಳಿಯೇ ಆಹಾರವಾದರೆ ಅದಕ್ಕೆ ಹೊಟ್ಟೆ ಯಾಕೆ, ಕರುಳು ಯಾಕೆ, ಅಷ್ಟುದ್ದದ ನಾಲಿಗೆ ಯಾಕೆ ಎಂಬುದು ಅವನ ವಾದ. ಪ್ಯಾರಿಸ್ಸಿನಲ್ಲಿ ಕ್ಲೋದ್ ಪೆರೋ ಎಂಬ ವೈದ್ಯ, ಜೀವಂತ ಊಸರವಳ್ಳಿಯನ್ನು ಗಮನಿಸಿ, ಅದು ಸತ್ತ ಮೇಲೆ ಕೊಯ್ದು ನೋಡಿ, 1669ರಲ್ಲಿ ವಿವರವಾದ ವರದಿ ಪ್ರಕಟಿಸಿದ. ಈತ ಬೇರೆ ಯಾರೂ ಅಲ್ಲ, ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ ಸಿಂಡ್ರೆಲಾ ಕತೆಯನ್ನು ಬರೆದ ಚಾರ್ಲ್ಸ್ ಪೆರೋನ ಅಣ್ಣ.

ಕೊಯ್ದು ನೋಡುವುದು ಒಂದು ಬಗೆಯ ತಿಳಿವಳಿಕೆ, ಸಾಕಿ ನೋಡುವುದು ಇನ್ನೊಂದು. 1672ರಲ್ಲಿ ಈಜಿಪ್ಟಿನ ಅಲೆಗ್ಸಾಂಡ್ರಿಯಾದಿಂದ ಪ್ಯಾರಿಸ್ಸಿಗೆ ಊಸರವಳ್ಳಿಗಳು ಬಂದವು. ಅವನ್ನು ಸಾಕಿದವಳು ಆಗಿನ ಪ್ರಸಿದ್ಧ ಕಾದಂಬರಿಗಾರ್ತಿ ಮದ್ಲೆನ್ ದ ಸ್ಕ್ಯುದೆರಿ. ಪ್ರಾಣಿಗಳು ಬರೀ ಯಂತ್ರಗಳು ಎಂದು ತತ್ವಜ್ಞಾನಿ ದೆಕಾರ್ತನ ಅನುಯಾಯಿಗಳು ಹೇಳುತ್ತಿದ್ದ ಕಾಲ ಅದು. ಆಕೆ ತನ್ನ ಊಸರವಳ್ಳಿಗಳನ್ನು ದಿನವೂ ಗಮನಿಸಿ ಬರೆದಿಟ್ಟಳು. 'ಎರಡು ಊಸರವಳ್ಳಿಗಳ ಕಥೆ' ಎಂಬ ಆ ಬರಹ 1688ರಲ್ಲಿ ಪ್ರಕಟವಾಯಿತು. ಆಕೆಯ ಆರೈಕೆಯಲ್ಲೂ ಅವು ಬಹುಕಾಲ ಬದುಕಲಿಲ್ಲ. ಪ್ರೀತಿ ಇತ್ತು, ಆದರೆ ಅವುಗಳಿಗೆ ಏನು ಬೇಕು ಎಂಬುದು ಆ ಶತಮಾನದಲ್ಲಿ ಯಾರಿಗೂ ಪೂರ್ತಿ ತಿಳಿದಿರಲಿಲ್ಲ.

ಹಾಗಾದರೆ ಏನು ಬೇಕಿತ್ತು? ಮೊದಲನೆಯದು ನೀರು, ಆದರೆ ಬಟ್ಟಲಿನ ನೀರಲ್ಲ. ಊಸರವಳ್ಳಿ ಮರದ ಮೇಲಿನ ಜೀವ. ಎಲೆಯ ಮೇಲಿನ ಇಬ್ಬನಿ, ಮಳೆಹನಿಗಳನ್ನು ಅದು ನೆಕ್ಕಿ ಕುಡಿಯುತ್ತದೆ. ನಿಂತ ನೀರನ್ನು ಹೆಚ್ಚಿನವು ನೀರೆಂದು ಗುರುತಿಸುವುದೇ ಇಲ್ಲ. ಬಟ್ಟಲು ತುಂಬಿದ್ದರೂ ಪಕ್ಕದಲ್ಲೇ ಕೂತು ಬಾಯಾರಿ ಸಾಯುತ್ತವೆ.

ಇದಕ್ಕೆ ಹವಾಯಿಯಲ್ಲಿ ಒಂದು ವಿಚಿತ್ರ ಸಾಕ್ಷಿ ಸಿಕ್ಕಿತು. 1972ರಲ್ಲಿ ಓಹು ದ್ವೀಪದ ಕನೆಯೋಹೆ ಎಂಬ ಊರಿನ ಸಾಕುಪ್ರಾಣಿ ವ್ಯಾಪಾರಿಯೊಬ್ಬ ಕೀನ್ಯಾದಿಂದ ಕೆಲವು ಡಜನ್ ಜಾಕ್ಸನ್ ಊಸರವಳ್ಳಿಗಳನ್ನು ತರಿಸಿದ. ಈ ಜಾತಿಯ ಗಂಡುಗಳಿಗೆ ಮುಖದ ಮೇಲೆ ಮೂರು ಕೊಂಬು. ಪ್ರಯಾಣದಲ್ಲಿ ಅವು ಸೊರಗಿಹೋಗಿದ್ದವು. ಚೇತರಿಸಿಕೊಳ್ಳಲಿ ಎಂದು ಅವನ್ನು ಹಿತ್ತಿಲಿನ ಗಿಡಗಳಿಗೆ ಬಿಟ್ಟ. ಆ ಕಡೆ ಒಳ್ಳೆಯ ಮಳೆ. ಊಸರವಳ್ಳಿಗಳು ಚೇತರಿಸಿಕೊಂಡವು, ಬೇಲಿ ದಾಟಿದವು, ಮರಿ ಹಾಕಿದವು. ಇವತ್ತು ಹವಾಯಿಯ ಹಲವು ದ್ವೀಪಗಳಲ್ಲಿ ಅವು ನೆಲೆಯೂರಿ, ಅಲ್ಲಿಯದೇ ಆದ ಅಪರೂಪದ ಕೀಟಗಳನ್ನೂ ಬಸವನಹುಳುಗಳನ್ನೂ ತಿಂದುಹಾಕುತ್ತಿವೆ. ಮಳೆ, ಬಿಸಿಲು, ಗಿಡ ಸಿಕ್ಕರೆ ಇವು ಬದುಕುತ್ತವೆ ಎಂಬುದು ಒಂದು ಪಾಠ. ಪರದೇಶದ ಪ್ರಾಣಿಯನ್ನು ಹಿತ್ತಿಲಿಗೆ ಬಿಡಬಾರದು ಎಂಬುದು ಇನ್ನೊಂದು.

ಎರಡನೆಯದು ಬಿಸಿಲು. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ದ್‌ಶಿನ್ಸ್ಕಿ, ಮೂಳೆ ಮೆತ್ತಗಾದ ಮಕ್ಕಳಿಗೆ ಅತಿನೇರಳೆ ದೀಪದ ಬೆಳಕು ಕೊಟ್ಟು ಗುಣಪಡಿಸಿದ. ಆ ಕಿರಣಗಳಿಂದ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗುತ್ತದೆ, ಅದಿಲ್ಲದೆ ಮೈ ಕ್ಯಾಲ್ಸಿಯಂ ಹೀರಿಕೊಳ್ಳುವುದಿಲ್ಲ ಎಂದು ಆಮೇಲೆ ತಿಳಿಯಿತು. ಊಸರವಳ್ಳಿಯ ಕತೆಯೂ ಅದೇ. ಮಡಗಾಸ್ಕರದ ಪ್ಯಾಂಥರ್ ಊಸರವಳ್ಳಿಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ಸೊಗಸಾದ ಸಂಗತಿ ಹೇಳಿತು. ಆಹಾರದಲ್ಲಿ ಡಿ ಜೀವಸತ್ವ ಕಡಿಮೆಯಾದಾಗ ಅವು ತಾವಾಗಿಯೇ ಅತಿನೇರಳೆ ಬೆಳಕಿಗೆ ಹೆಚ್ಚು ಮೈಯೊಡ್ಡುತ್ತವೆ, ಸಾಕಷ್ಟಿದ್ದರೆ ಕಡಿಮೆ ಮಾಡುತ್ತವೆ. ತನಗೆ ಏನು ಬೇಕೆಂದು ಅದಕ್ಕೆ ಗೊತ್ತು. ಆದರೆ ಫ್ಲ್ಯಾಟಿನ ಗಾಜಿನ ಪೆಟ್ಟಿಗೆಯಲ್ಲಿ ಕೂತರೆ ಎಲ್ಲಿಗೆ ಹೋಗಬೇಕು? ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಬೇಕಾದ ಆ ಕಿರಣಗಳನ್ನು ತಡೆಯುತ್ತದೆ.

ಮೂರನೆಯದು ಬಣ್ಣ. ಪಕ್ಕದ ವಸ್ತುವಿನ ಬಣ್ಣ ತಾಳುತ್ತದೆ ಎಂದು ನಾವು ಗಾದೆಯಂತೆ ಹೇಳುತ್ತೇವೆ. ನಿಜವಾಗಿ ಅದರ ಬಣ್ಣ ಹೆಚ್ಚಾಗಿ ಚಳಿ, ಸೆಕೆ, ಹೆದರಿಕೆ, ಜಗಳ, ಬೆದೆಯ ಭಾಷೆ. ಚರ್ಮದ ಜೀವಕೋಶಗಳಲ್ಲಿರುವ ಅತಿ ಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾಗಿ ಬಣ್ಣ ಬದಲಾಗುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಹಾಗಾಗಿ ದಿನವಿಡೀ ಕಪ್ಪಗಿರುವ ಊಸರವಳ್ಳಿ 'ಬಣ್ಣ ತೋರಿಸುತ್ತಿಲ್ಲ', 'ನನಗೆ ಹಿತವಾಗಿಲ್ಲ' ಎಂದು ಹೇಳುತ್ತಿರಬಹುದು.

ಕಾಡಿನಲ್ಲಿ ಕಾಯಿಲೆ ತೋರಿಸಿಕೊಂಡ ಪ್ರಾಣಿ ಬೇರೊಂದಕ್ಕೆ ಊಟವಾಗುತ್ತದೆ. ಆದ್ದರಿಂದ ಊಸರವಳ್ಳಿ ಕೊನೆಯ ತನಕ ಮುಚ್ಚಿಡುತ್ತದೆ. ಆದರೂ ಕೆಲವು ಗುರುತುಗಳಿವೆ. ಈಗಾಗಲೇ ಯಾರ ಮನೆಯಲ್ಲಾದರೂ ವಿದೇಶಿ ಊಸರವಳ್ಳಿ ಇದ್ದರೆ ದಯವಿಟ್ಟು ಇವನ್ನು ನೆನಪಿಡಿ.

ಹಗಲು ಹೊತ್ತು ಕಣ್ಣು ಮುಚ್ಚಿದ್ದರೆ ಅದು ನಿದ್ದೆಯಲ್ಲ, ಕಾಯಿಲೆಯ ಲಕ್ಷಣ. ಕಣ್ಣು ಗುಳಿಬಿದ್ದಿದ್ದರೆ, ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲುತ್ತಿಲ್ಲ. ಕಾಲು ಬಾಗಿದರೆ, ದವಡೆ ಮೆತ್ತಗಾದರೆ, ಕೊಂಬೆಯ ಹಿಡಿತ ತಪ್ಪಿ ಬಿದ್ದರೆ, ನಾಲಿಗೆ ಮುಂಚಿನಂತೆ ಚಿಮ್ಮದಿದ್ದರೆ ಕ್ಯಾಲ್ಸಿಯಂ ಕೊರತೆ ಇರಬಹುದು. ಸೆಕೆ ಇಲ್ಲದಾಗಲೂ ಬಾಯಿ ತೆರೆದು ಉಸಿರಾಡಿದರೆ, ಬಾಯಲ್ಲಿ ಲೋಳೆ ಕಂಡರೆ ಶ್ವಾಸಕೋಶದ ಸೋಂಕಿರಬಹುದು. ಹೆಣ್ಣು ನೆಲದಲ್ಲಿ ಕೆದಕುತ್ತಾ ಚಡಪಡಿಸಿದರೆ ಮೊಟ್ಟೆ ಇಡಲು ಜಾಗ ಹುಡುಕುತ್ತಿದೆ. ಯೆಮನ್ ಕಡೆಯ ಜಾತಿಯ ಹೆಣ್ಣು ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆ. ಅಗೆಯಲು ತೇವದ ಮರಳು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಸಾಯಬಹುದು. ಇವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಎನ್ನದೆ ವೈದ್ಯರ ಬಳಿ ಹೋಗಿ.

ಇನ್ನು ಆರೈಕೆ. ಗಾಳಿಯಾಡುವ ಎತ್ತರದ ಬಲೆಗೂಡು, ಒಳಗೆ ನಿಜವಾದ ಗಿಡ, ಬೆಳಿಗ್ಗೆ ಸಂಜೆ ಎಲೆಗಳ ಮೇಲೆ ನೀರಿನ ಸಿಂಪಡಣೆ ಇರಲಿ. ಬಿಸಿಲು ಕಾಯಲು ಒಂದು ಬೆಚ್ಚಗಿನ ಮೂಲೆ, ಪಕ್ಕದಲ್ಲೇ ತಂಪಾದ ನೆರಳು ಬೇಕು. ಅತಿನೇರಳೆ ದೀಪ ಉರಿಯುತ್ತಿದ್ದರೂ ತಿಂಗಳುಗಳು ಕಳೆದಂತೆ ಅದರ ಶಕ್ತಿ ಕುಂದುತ್ತದೆ, ಕಾಲಕಾಲಕ್ಕೆ ಬದಲಾಯಿಸಬೇಕು. ತಿನ್ನಿಸುವ ಹುಳುಗಳಿಗೆ ಮೊದಲು ಸೊಪ್ಪು ತರಕಾರಿ ತಿನ್ನಿಸಿ, ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡಬೇಕು. ಒಂದು ಗೂಡಿಗೆ ಒಂದೇ ಊಸರವಳ್ಳಿ. ಎತ್ತಿ ಆಡಿಸುವುದು ನಮಗೆ ಖುಷಿ, ಅದಕ್ಕೆ ಭಯ.

ಕೊನೆಗೆ ಕಾನೂನಿನ ಮಾತು. ನಮ್ಮ ದೇಶದ ಊಸರವಳ್ಳಿಯನ್ನು ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ವಿದೇಶಿ ಊಸರವಳ್ಳಿಗಳ ವ್ಯಾಪಾರಕ್ಕೆ 1977ರಿಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಹಿಡಿತವಿದೆ. ನಮ್ಮ ಕಾಯ್ದೆಗೆ 2022ರಲ್ಲಾದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು.

ಊರಿಗೆ ಹೋದಾಗ ಬೇಲಿಯ ಮೇಲೆ ಊಸರವಳ್ಳಿ ಕಂಡರೆ ವಿಷದ ಪ್ರಾಣಿ ಎಂದು ಕಲ್ಲೆತ್ತುವವರು ಈಗಲೂ ಇದ್ದಾರೆ. ಅದಕ್ಕೆ ವಿಷವಿಲ್ಲ. ಮಕ್ಕಳನ್ನು ಕರೆದು, ಸ್ವಲ್ಪ ದೂರದಲ್ಲಿ ಕೂತು, ನಾಲಿಗೆ ಚಿಮ್ಮುವ ತನಕ ಕಾಯಿರಿ. ಪ್ಲಿನಿ ಅಷ್ಟು ಹೊತ್ತು ಕಾದಿದ್ದರೆ ಗಾಳಿಯೂಟದ ಮಾತು ಬರೆಯುತ್ತಿರಲಿಲ್ಲ.

ಆ ತಾಯಿ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಮಗ ಇನ್ನೊಂದು ಬೇಕು ಎಂದು ಕೇಳಲಿಲ್ಲವಂತೆ. "ಅದಕ್ಕೆ ಏನಾಗಿತ್ತಮ್ಮ?" ಎಂದು ಕೇಳುತ್ತಿದ್ದಾನಂತೆ. ಈ ಬರಹವನ್ನು ಅವನಿಗೆ ಓದಿ ಹೇಳುತ್ತೇನೆ ಎಂದಿದ್ದಾರೆ.