ಸೊನ್ನಲಿಗೆಯ ಸಿದ್ಧರಾಮ: ಷಟ್ಪದಿಯಿಂದ ತ್ರಿಪದಿಗೆ

ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮನ ಕರ್ಮಭೂಮಿಯಾದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಆತನ ಚರಿತೆಯನ್ನು ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಷಟ್ಪದಿಗೆ ತಂದನು. ಶತಮಾನಗಳ ಬಳಿಕ ಸೊಲ್ಲಾಪುರದವರೇ ಆದ ಜಯದೇವಿತಾಯಿ ಲಿಗಾಡೆ (೧೯೧೨-೧೯೮೬) ಅದನ್ನೇ ಜನಪದರ ತ್ರಿಪದಿಯಲ್ಲಿ ‘ಸಿದ್ಧರಾಮ ಪುರಾಣ’ವಾಗಿ ಮತ್ತೆ ಹಾಡಿದರು. ಮರಾಠಿಯಲ್ಲಿ ಶಾಲೆ ಕಲಿತ ಅವರು ಕನ್ನಡವನ್ನು ಸ್ವಪ್ರಯತ್ನದಿಂದ ಗಳಿಸಿಕೊಂಡವರು. ವಚನಗಳನ್ನು ಮರಾಠಿಗೂ ಒಯ್ದವರು. ೧೯೭೪ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೇರಿದ ಅವರು ಆ ಗೌರವ ಪಡೆದ ಮೊದಲ ಮಹಿಳೆ.

೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಕನ್ನಡನಾಡಿನ ಹೊರಗೇ ಉಳಿಯಿತು. ಸಿದ್ಧರಾಮನ ಕಥನ ಮಾತ್ರ ಎರಡು ಭಾಷೆಗಳ ನಡುವೆಯೇ ಹೊಸ ಉಸಿರು ಪಡೆಯಿತು. ಪ್ರಾಚೀನ ಕೃತಿಯೊಂದು ಬಾಳುವುದು ಪ್ರತಿ ತಲೆಮಾರೂ ಅದನ್ನು ತನ್ನ ಲಯಕ್ಕೆ ಒಗ್ಗಿಸಿಕೊಂಡಾಗ. ಗಡಿನಾಡಿನ ದ್ವಿಭಾಷಿಕತೆಯನ್ನು ಕನ್ನಡದ ಕೊರತೆಯೆಂದೆಣಿಸುವ ವಾದ ಈ ನಿದರ್ಶನದ ಮುಂದೆ ನಿಲ್ಲದು.