ಲಕ್ಕುಂಡಿಗೆ ಹೋಗಿ ಬಂದ್ವಿ, ಚಿಗವ್ವನ ಮನಿಗೂ

ಹೋದ ರವಿವಾರ ನಾನು, ನಮ್ಮನಿಯವರು ಇಬ್ಬರ ಲಕ್ಕುಂಡಿ, ಡಂಬಳ ನೋಡಿ ಬಂದ್ವಿ. ಅವರು ರಿಟೈರ್ ಆಗಿ ವರ್ಷಾತು. ಮದುವಿಯಾಗಿ ಮೂವತ್ತೆರಡು ವರ್ಷದಾಗ ಯಾರದರ ಲಗ್ನಕ್ಕಂತ ಅಲ್ಲದ, ದವಾಖಾನಿಗಂತ ಅಲ್ಲದ, ನಾವಿಬ್ಬರ ಕಾರ್ ತಗೊಂಡು ಹೊರಬಿದ್ದದ್ದು ಇದ ಮೊದಲು.

ಬುತ್ತಿ ಏನ ಕಟಗೊಂಡಿದ್ರಿ ಅಂತ ಮೊದಲ ಕೇಳ್ತೀರಿ, ಗೊತ್ತೈತಿ ನನಗ. ಕಟಕ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಒಂದು ಡಬ್ಬಿ ಗಟ್ಟಿ ಮೊಸರು. ಏಳಕ್ಕ ಹುಬ್ಬಳ್ಳಿ ಬಿಟ್ವಿ. ಅಣ್ಣಿಗೇರಿ ಬಂದಾಗ ಅವರು, "ಇದು ಪಂಪನ ಊರಂತ, ಅಮೃತೇಶ್ವರ ಗುಡಿ ಐತಿ, ಇಳಿಯೋಣೇನು?" ಅಂದ್ರು. ಬರೂಮುಂದ ನೋಡೂಣು ಅಂದೆ. ಎರಡೂ ಕಡೆ ಎರಿ ಹೊಲ, ಬಿಳಿಜ್ವಾಳ ಎದಿಮಟ ನಿಂತಿತ್ತು. ರಸ್ತಾದ ಬಾಜೂಕ ಕಡ್ಲಿ ಸುಲಗಾಯಿ ಮಾರಾಕ ಕುಂತಿದ್ರು. ಎರಡು ಸಿವುಡು ತಗೊಂಡು ಸುಲಕೋತ ಗದಗ ದಾಟಿದ್ವಿ. ಅಲ್ಲಿಂದ ಹನ್ನೊಂದು ಹನ್ನೆರಡು ಕಿಲೋಮೀಟರ್ ಹೋದ್ರ ಲಕ್ಕುಂಡಿ.

ಈಗ ನೋಡಿದ್ರ ಸಣ್ಣ ಹಳ್ಳಿ. ಆದ್ರ ಚಾಲುಕ್ಯರ ಕಾಲಕ್ಕ ಇದು ಲೊಕ್ಕಿಗುಂಡಿ ಅನ್ನೋ ದೊಡ್ಡ ಪಟ್ಟಣ. ನಾಣ್ಯ ಅಚ್ಚು ಹಾಕೋ ಟಂಕಸಾಲಿ ಇಲ್ಲಿತ್ತು. ನೂರಾ ಒಂದು ಗುಡಿ, ನೂರಾ ಒಂದು ಬಾವಿ ಅಂತ ಊರ ಮಂದಿ ಹೇಳ್ತಾರ. ಎಣಿಸಾಕ ನಾ ಹೋಗಲಿಲ್ಲ. ಆದ್ರ ಓಣಿಯೊಳಗ ಹೊಂಟ್ರ ಮನಿ ಗ್ವಾಡಿಗೆ ಹತ್ತಿ ಒಂದು ಹಳೇ ಕಂಬ, ಹಿತ್ತಲದಾಗ ಒಂದು ಕೆತ್ತನಿ ಕಲ್ಲು, ಹಿಂಗ ಸಿಕ್ಕೋತ ಹೋಗ್ತಾವು.

ಮೊದಲ ಬ್ರಹ್ಮ ಜಿನಾಲಯಕ್ಕ ಹೋದ್ವಿ. ಇದನ್ನ 1007ರಾಗ ಅತ್ತಿಮಬ್ಬೆ ಕಟ್ಟಿಸಿದ್ಳು. ಆವಾಗ ಚಾಲುಕ್ಯ ದೊರೆ ಇರಿವಬೆಡಂಗ ಸತ್ಯಾಶ್ರಯ. ಬಾದಾಮಿ, ಐಹೊಳ್ಯಾಗ ನೋಡೀರಲ್ಲ, ಕೆಂಪು ಮರಳುಗಲ್ಲು? ಇಲ್ಲಿ ಹಂಗಲ್ಲ. ಇದು ಬಳಪದ ಕಲ್ಲು. ಮೆತ್ತಗಿರ್ತೈತಿ, ಸಣ್ಣ ಕೆಲಸ ಮಾಡಾಕ ಬರ್ತೈತಿ, ಉಜ್ಜಿದ್ರ ಕನ್ನಡಿಯಂಗ ಮಿಂಚ್ತೈತಿ. ಮುಂದ ಹೊಯ್ಸಳರ ಗುಡಿಗಳಾಗ ನೋಡೋ ನಾಜೂಕು ಕೆತ್ತನಿ ಈ ಕಲ್ಲಿನಿಂದನ ಬಂತು. ಒಳಗ ನಾಕು ಮುಖದ ಬ್ರಹ್ಮನ ಮೂರ್ತಿ ಐತಿ. 

ಪಿಯುಸಿಯೊಳಗ ನಮಗ ಅತ್ತಿಮಬ್ಬೆ ಎರಡು ಮಾರ್ಕಿನ ಪ್ರಶ್ನೆ. "ದಾನಚಿಂತಾಮಣಿ ಯಾರು?" ಅಂದ್ರ ಒಂದು ಸಾಲು ಬರದು ಮುಂದ ಹೋಗೋದು. ಆಕಿ ಯಾಕ ದಾನ ಮಾಡಿದ್ಳು, ಅದಕ್ಕಿಂತ ಮೊದಲ ಆಕಿ ಬಾಳೇದಾಗ ಏನಾತು, ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಆಗಿದ್ದು ಇಷ್ಟು. ಮಲ್ಲಪಯ್ಯ ಅನ್ನೋರಿಗೆ ಅತ್ತಿಮಬ್ಬೆ, ಗುಂಡಮಬ್ಬೆ ಅಂತ ಇಬ್ಬರು ಹೆಣ್ಣಮಕ್ಕಳು. ಅಕ್ಕ ತಂಗಿ ಇಬ್ಬರನ್ನೂ ನಾಗದೇವನಿಗೇ ಕೊಟ್ಟಿದ್ರು. ಆತ ತೈಲಪ ಚಕ್ರವರ್ತಿಯ ದಂಡನಾಯಕ. ಆತ ತೀರಿಕೊಂಡಾಗ ತಂಗಿ ಗುಂಡಮಬ್ಬೆ ಗಂಡನ ಸಂಗಾಟ ಚಿತಿ ಏರಿದ್ಳು. ಅಕ್ಕ ಏರಲಿಲ್ಲ. ಮಗ ಅಣ್ಣಿಗದೇವ ಇನ್ನೂ ಸಣ್ಣಾಂವ. ಆತನ್ನ ದೊಡ್ಡಾಂವನ್ನ ಮಾಡಿದ್ಳು. ಕೈಯಾಗಿದ್ದ ಸಂಪತ್ತನ್ನ ಧರ್ಮಕ್ಕ, ಪುಸ್ತಕಕ್ಕ ಹಾಕಿದ್ಳು.

ಸಾವಿರ ವರ್ಷದ ಹಿಂದ ಒಂದ ಮನಿಯೊಳಗ ಒಬ್ಬಾಕಿ ಹೋದ್ಳು, ಒಬ್ಬಾಕಿ ಉಳದ್ಳು. ಉಳದಾಕಿ ಮುಂದ ಮಂದಿ ಏನೇನ ಮಾತಾಡಿರಬಹುದು, ನೀವ ವಿಚಾರ ಮಾಡ್ರಿ.

ಆ ಕಂಬದ ಬುಡಕ ಕುಂತು ನನಗ ನಮ್ಮ ಚಿಗವ್ವನ ನೆನಪು ಬಂತು. ಬಳಗದವರಿಗೆಲ್ಲಾ ಗೊತ್ತೈತಿ, ಕಾಕಾ ಹೋದಾಗ ಚಿಗವ್ವಗ ಇಪ್ಪತ್ನಾಕು, ಮಗಗ ಎರಡು. ಒಂದು ಹೊಲಿಗಿ ಮಷೀನ ಮ್ಯಾಲೆ ಆತನ್ನ ಓದಿಸಿದ್ಳು. ನನ್ನ ಮದುವಿ ಕುಬಸ ಹೊಲದಾಕಿನೂ ಆಕಿನ. ಆದ್ರ ಅಕ್ಕಿಕಾಳ ಹಾಕೂಮುಂದ ಆಕಿ ಅಡಿಗಿಮನ್ಯಾಗಿದ್ಳು. ಹಂದರದಾಗ ಬಾ ಅಂತ ಯಾರೂ ಕರೀಲಿಲ್ಲ. ನಾನೂ ಕರೀಲಿಲ್ಲ. ಇಪ್ಪತ್ತೆರಡರ ಹುಡುಗಿ ನಾ, ಏನ ತಿಳೀತಿತ್ತು ಅಂತ ಇಷ್ಟು ದಿನ ನನಗ ನಾನ ಹೇಳ್ಕೊಂಡೇನಿ. ತಿಳೀತಿತ್ತು.

ಅತ್ತಿಮಬ್ಬೆ ಮಾಡಿಸಿದ ಪುಸ್ತಕದ ಕೆಲಸ ಹೇಳ್ತೇನಿ ಕೇಳ್ರಿ. ಪೊನ್ನ ಕವಿಯ ಶಾಂತಿಪುರಾಣ ಬರೆಸಿದವರು ಆಕಿ ಅಪ್ಪ ಮತ್ತ ಕಾಕಾ. ಆಕಿ ಅದರ ಸಾವಿರ ಪ್ರತಿ ಮಾಡಿಸಿ ಹಂಚಿದ್ಳು. ಆವಾಗ ಝೆರಾಕ್ಸ್ ಅಂಗಡಿ ಇದ್ದಿಲ್ಲ. ತಾಳಿಗರಿ ಒಣಗಿಸಿ, ಹದಾ ಮಾಡಿ, ಕಬ್ಬಿಣದ ಕಂಟದಿಂದ ಒಂದೊಂದ ಅಕ್ಷರ ಕೊರೀಬೇಕು. ಆಮ್ಯಾಲೆ ಮಸಿ ತಿಕ್ಕಬೇಕು, ತೂತು ಹಾಕಿ ದಾರದಾಗ ಪೋಣಿಸಬೇಕು. ಹಂಗ ಸಾವಿರ! ಗರಿಗೆ ಹುಳ ಬಿದ್ದು, ಮಳಿಗೆ ತೊಯ್ದು ಎಷ್ಟೋ ಪುಸ್ತಕ ಹೋಗಿಬಿಟ್ಟಾವು. ಪ್ರತಿ ಹೆಚ್ಚಿದ್ದಷ್ಟೂ ಒಂದರ ಉಳೀತೈತಿ. ನಾವು ಹಿಟ್ಟಿನ ಡಬ್ಬಿಯೊಳಗ ಬೇವಿನ ಎಲಿ ಹಾಕಿ ಕಾಯ್ದಂಗ, ಆಕಿ ಅಪ್ಪನ ಪುಸ್ತಕ ಕಾಯ್ದಳು.

ರನ್ನ ಕವಿಗೂ ಆಕಿನ ಆಸರಾ. 993ರಾಗ ಆತ ಬರೆದ ಅಜಿತಪುರಾಣ ಆಕಿ ಹೇಳಿ ಬರೆಸಿದ್ದು. ರನ್ನ ಮುಧೋಳದಾಂವ, ಬಳಿಗಾರರ ಮನಿ ಹುಡುಗ. ಬಳಿ ಮಾರೋರ ಮಗನ್ನ ಮಹಾಕವಿ ಮಾಡಾಕ ಆಸರಾ ಆದಾಕಿ ಗಂಡನ್ನ ಕಳಕೊಂಡಾಕಿ. ರನ್ನ ತನ್ನ ಮಗಳಿಗೆ ಅತ್ತಿಮಬ್ಬೆ ಅಂತನ ಹೆಸರಿಟ್ಟ. ಗಂಡ ಸತ್ತಾಕಿ ಹೆಸರು ಕೂಸಿಗೆ ಇಡಬಾರದು ಅಂತ ಆತ ಅನ್ನಲಿಲ್ಲ ನೋಡ್ರಿ. ಇವತ್ತಿಗೂ ನಮ್ಮ ಸರ್ಕಾರ ಸಾಧನಾ ಮಾಡಿದ ಹೆಣ್ಣಮಕ್ಕಳಿಗೆ ಆಕಿ ಹೆಸರಲೇ ಪ್ರಶಸ್ತಿ ಕೊಡ್ತೈತಿ.

ಕಾಶಿವಿಶ್ವೇಶ್ವರ ಗುಡಿ ಮುಂದಿಂದು. ಎದರಾಬದರಾ ಎರಡು ಗರ್ಭಗುಡಿ, ಒಂದು ಶಿವಂದು, ಒಂದು ಸೂರ್ಯಂದು. ಬಾಗಿಲ ಚೌಕಟ್ಟಿನ ಕೆತ್ತನಿ ನೋಡಿ ಕಸೂತಿ ಹಾಕೋ ನನ್ನ ಕೈ ಸುಮ್ಮನಾದ್ವು. ಮಾಣಿಕೇಶ್ವರ ಗುಡಿ ಬಾಜೂಕ ಮುಸುಕಿನ ಬಾವಿ. ಮೂರೂ ಕಡೆ ಮೆಟ್ಲು, ಮೆಟ್ಲ ನಡುನಡುವ ಸಣ್ಣ ಸಣ್ಣ ಗುಡಿಯಂಥ ಗೂಡು. ಕೊಡ ಹಿಡಕೊಂಡು ಎಷ್ಟು ಹೆಣ್ಣಮಕ್ಕಳು ಇಳದು ಹತ್ತಿರಬೇಕು ಅಂದೆ. "ಮೊಣಕಾಲ ಬ್ಯಾನಿ ಇದ್ದಾಕಿ ಮ್ಯಾಲೆ ಕುಂಡ್ರು," ಅಂತಂದು ಅವರೊಬ್ಬರ ಇಳದು ಫೋಟೋ ತಗೊಂಡು ಬಂದ್ರು. ಬೇವಿನ ಗಿಡದ ನೆರಳಿನ್ಯಾಗ ಬುತ್ತಿ ಬಿಚ್ಚಿದ್ವಿ.

ಡಂಬಳ ಗದಗ-ಮುಂಡರಗಿ ದಾರ್ಯಾಗ. ಅಲ್ಲಿ ದೊಡ್ಡಬಸಪ್ಪನ ಗುಡಿ ನಕ್ಷತ್ರದಂಗ ಐತಿ, ಗ್ವಾಡಿ ಮೂಲಿ ಮೂಲಿ ತಿರುಗಕೋತ ದುಂಡಗ ಹೋಗ್ತೈತಿ. ಮುಂದ ಬಸಪ್ಪ ಖರೇನ ದೊಡ್ಡಾಂವ. ಇದ ಡಂಬಳದಾಗ 1095ರ ಶಾಸನ ಒಂದರಾಗ ಬೌದ್ಧರ ತಾರಾದೇವಿ ವಿಹಾರದ ಹೆಸರು ಬರ್ತೈತಿ. ಅದನ್ನ ಕಟ್ಟಿಸಿದವರು ಶೆಟ್ಟರು, ವ್ಯಾಪಾರದ ಮಂದಿ. ಜೈನರದು, ಬೌದ್ಧರದು, ಶಿವಂದು ಎಲ್ಲಾ ಒಂದ ಸೀಮ್ಯಾಗ.

ಹೊಳ್ಳಿ ಬರೂಮುಂದ ಅಣ್ಣಿಗೇರಿ ಇವತ್ತೂ ಬ್ಯಾಡ, ಗದಗಿನ್ಯಾಗ ಚಿಗವ್ವನ ಮನಿಗೆ ಹೋಗೂಣು ಅಂದೆ. ಅವರು ಯಾಕ ಅಂತ ಕೇಳಲಿಲ್ಲ, ಗಾಡಿ ಆ ಕಡೆ ಹೊಳ್ಳಿಸಿದ್ರು.

ಚಿಗವ್ವಗ ಈಗ ಎಪ್ಪತ್ತರ ಸನೇಕ. ಚಾ ಕುಡಕೋತ ಅತ್ತಿಮಬ್ಬಿ ಕತಿ ಪೂರಾ ಹೇಳಿದೆ. ಸುಮ್ಮನ ಕೇಳಿದ್ಳು. ಕಡೀಕ, "ಆಕಿಗೆ ರೊಕ್ಕ ಇತ್ತು ಯವ್ವಾ. ನನಗ ಮಷೀನ ಇತ್ತು," ಅಂದ್ಳು. ಅಂದು ನಕ್ಕಳು.

ನನ್ನ ಮಗಳ ಕುಬಸದ ಕಾರ್ಯ ಬರೂ ತಿಂಗಳ ಐತಿ, ನಿಮಗ ಗೊತ್ತು. ಮೊದಲನೇ ಉಡಿ ನೀನ ತುಂಬಬೇಕು ಚಿಗವ್ವಾ ಅಂದೆ. ಆಕಿ ಕೈಯಾಗಿನ ಬಶಿ ಕೆಳಗಿಟ್ಟಳು. "ಚೊಚ್ಚಲ ಬಸರಿ ಆಕಿ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ಮಂದಿ ನನ್ನ ಹೆಸರ ತಗೀತಾರ. ಬ್ಯಾಡ." ನಮ್ಮನಿಯವರು ಇಂಥಾದ್ರಾಗ ಬಾಯಿ ಹಾಕೋರಲ್ಲ. ಅವತ್ತು, "ಅತ್ತಿಯವ್ರ, ನಾನ ಗಾಡಿ ತಗೊಂಡು ಬರ್ತೇನಿ, ಮುಂಜಾನೆ ಎಂಟಕ್ಕ ತಯಾರಿರ್ರಿ," ಅಂದ್ರು. ಚಿಗವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಗಳ ಅಳತಿ ಕೇಳಿದ್ಳು, ಹಸರ ಕುಬಸ ತಾನ ಹೊಲೀತೇನಿ ಅಂತ.

ಮಗಳಿಗೆ ಫೋನ್ ಮಾಡಿ ಕೇಳಿದೆ. "ಅವ್ವಾ, ಇದನ್ನೇನ ಕೇಳ್ತಿ, ಅಜ್ಜೀನ ತುಂಬಲಿ," ಅಂದ್ಳು. ಬೀಗರಿಗೂ ಹೇಳೇನಿ. ಈಗ ನಿಮಗ ಹೇಳಾಕತ್ತೇನಿ, ಯಾಕಂದ್ರ ಅವತ್ತು ಹಂದರದಾಗ ಇರೋರು ನೀವ. ಚಿಗವ್ವ ಉಡಿ ತುಂಬೂಮುಂದ ಯಾರೂ ಒಬ್ಬರ ಮಾರಿ ಒಬ್ಬರು ನೋಡಬ್ಯಾಡ್ರಿ. ಸೋಬಾನ ಹಾಡ್ರಿ, ಅಷ್ಟ ಸಾಕು.

ಮತ್ತ ಲಕ್ಕುಂಡಿಗೆ ಹೋಗೋರು ಮುಂಜಾನೆ ಲಗೂನ ಹೋಗ್ರಿ, ನೀರು ಮನಿಯಿಂದ ಒಯ್ರಿ, ಚಪ್ಪಲಿ ಬಿಟ್ಟು ಹತ್ತೂಮುಂದ ಕಲ್ಲು ಕಾದಿರ್ತಾವು.