ಸೌರಫಲಕದ ಮಾಡು: ಸೋರಿಕೆ ತಡೆ

ಅಂಗಳ, ಜಗಲಿ, ತಾರಸಿಗಳ ಮೇಲೆ ತಗಡು ಅಥವಾ ಹಂಚಿನ ಬದಲು ಸೌರಫಲಕಗಳನ್ನೇ ಹೊದಿಸಿ ಕಟ್ಟಿದ ಮಾಡಿನಿಂದ ಮಳೆನೀರು ಕೆಳಗಿಳಿಯದಂತೆ ಮಾಡುವ ಏರ್ಪಾಡು. ಫಲಕದ ಗಾಜು ಸೋರುವುದಿಲ್ಲ, ಸೋರುವುದು ಎರಡು ಫಲಕಗಳ ನಡುವಿನ ಸಂದು. ಸಂದನ್ನು ಬಿಗಿಯಾಗಿ ಮುಚ್ಚುವುದು ಒಂದು ಕ್ರಮ. ಸಂದಿನಲ್ಲಿ ಇಳಿದ ನೀರನ್ನು ಅಡಿಯಲ್ಲೇ ದೋಣಿಯಲ್ಲಿ ಹಿಡಿದು ಹೊರಗೆ ಸಾಗಿಸುವುದು ಇನ್ನೊಂದು. ಬಾಳಿಕೆಯಲ್ಲಿ ಎರಡನೆಯದೇ ಮೇಲು.

ಫಲಕದ ರಚನೆ

ಸಾಮಾನ್ಯ ಸೌರಫಲಕವನ್ನು ಮಾಡು ಹೊದಿಸಲೆಂದು ರೂಪಿಸಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚಿಗೆ ಪಕ್ಕದ ಹಂಚಿನೊಡನೆ ಕೂಡಿಕೊಳ್ಳುವ ಏಣು, ಕೆಳಗಿನ ಹಂಚಿನ ಮೇಲೆ ಚಾಚಿಕೊಳ್ಳುವ ಅಂಚು ಇವೆ. ಫಲಕಕ್ಕೆ ಇವೆರಡೂ ಇಲ್ಲ. ಅದರ ಸುತ್ತ ಇರುವುದು 30ರಿಂದ 35 ಮಿ.ಮೀ. ಎತ್ತರದ, ನೇರ ಬದಿಯ ಅಲ್ಯೂಮಿನಿಯಂ ಚೌಕಟ್ಟು. ಚೌಕಟ್ಟಿನ ತುಟಿ ಗಾಜಿಗಿಂತ ತುಸು ಎತ್ತರವಾಗಿರುವುದರಿಂದ ಕೆಳಂಚಿನಲ್ಲಿ ನೀರೂ ಧೂಳೂ ಕಟ್ಟಿ ನಿಲ್ಲುತ್ತವೆ. ಚೌಕಟ್ಟಿನ ಅಡಿಯಲ್ಲಿರುವ ಸಣ್ಣ ತೂತುಗಳು ಒಳಸೇರಿದ ನೀರು ಬಸಿದುಹೋಗಲು ಬಿಟ್ಟವು. ಸೋರಿಕೆಯ ಭಯದಿಂದ ಅವನ್ನು ಮುಚ್ಚಬಾರದು.

ಚರಿತ್ರೆ

ಫಲಕದ ಮಾಡು ಹೊಸದಾದರೂ ಅದರ ಸಮಸ್ಯೆ ಗಾಜಿನ ಮನೆಗಳಷ್ಟು ಹಳೆಯದು. ಚಾಟ್ಸ್‌ವರ್ತ್‌ನಲ್ಲಿ ತೋಟದ ಮುಖ್ಯಸ್ಥನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ನಿಂತ ಕ್ರಿಸ್ಟಲ್ ಪ್ಯಾಲೇಸಿಗೆ ಏರಿಳಿತದ ಗಾಜಿನ ಮಾಡನ್ನು ರೂಪಿಸಿದ. ತಗ್ಗುಗಳಲ್ಲಿ ಮರದ ದೋಣಿಗಳಿದ್ದವು. ಒಂದೊಂದರಲ್ಲೂ ಮೂರು ಕಾಲುವೆ: ನಡುವಿನದು ಮೇಲಿನಿಂದ ಬೀಳುವ ಮಳೆಗೆ, ಎರಡು ಬದಿಯವು ಗಾಜಿನ ಒಳಮೈಯಲ್ಲಿ ಹನಿಗಟ್ಟಿ ಜಾರುವ ನೀರಿಗೆ. ಕಬ್ಬಿಣದ ಸರಳಿನಿಂದ ಬಿಗಿದು ದೋಣಿಯ ನಡುಭಾಗವನ್ನು ಎತ್ತಿದ್ದರಿಂದ ನೀರು ಎರಡೂ ತುದಿಗೆ ಹರಿದು, ಟೊಳ್ಳಾದ ಎರಕದ ಕಂಬಗಳೊಳಗೆ ಇಳಿದು ಹೋಗುತ್ತಿತ್ತು. ಹೀಗೆ ಕಟ್ಟಡವನ್ನು ಹೊರುವ ಕಂಬವೇ ನೀರಿಳಿಸುವ ಕೊಳವೆಯೂ ಆಯಿತು. ಒಳಮೈಯ ಹನಿಗೂ ಪ್ರತ್ಯೇಕ ದಾರಿ ಮಾಡಿಟ್ಟದ್ದು ಈ ವಿನ್ಯಾಸದ ದೊಡ್ಡ ಸಾಧನೆ. ಇಂದಿನ ಫಲಕದ ಮಾಡುಗಳಲ್ಲಿ ಬಹುಮಟ್ಟಿಗೆ ಮರೆತಿರುವುದೂ ಅದನ್ನೇ. ನಿರ್ಮಲವಾದ ರಾತ್ರಿಯಲ್ಲಿ ಗಾಜು ಸುತ್ತಲ ಗಾಳಿಗಿಂತ ತಣ್ಣಗಾಗುವುದರಿಂದ, ತೇವ ಹೆಚ್ಚಿರುವ ಕಡೆ ಮಳೆಯೇ ಇಲ್ಲದ ಬೆಳಗಿನಲ್ಲೂ ಫಲಕದ ಅಡಿಯಿಂದ ನೀರು ತೊಟ್ಟಿಕ್ಕಬಹುದು. ಇದನ್ನು ಸೋರಿಕೆಯೆಂದು ಭ್ರಮಿಸಿ ಸಂದುಗಳಿಗೆ ಮತ್ತೆ ಮತ್ತೆ ಸೀಲಂಟ್ ಮೆತ್ತುವುದುಂಟು.

ಕ್ರಿಸ್ಟಲ್ ಪ್ಯಾಲೇಸಿನ ಮಾದರಿ ಕರ್ನಾಟಕಕ್ಕೂ ಬಂತು. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆಯಾಯಿತು. ಸೌರಕೋಶಗಳಿರುವ ಗಾಜನ್ನೇ ಕಟ್ಟಡದ ಹೊದಿಕೆಯಾಗಿ ದೊಡ್ಡ ಪ್ರಮಾಣದಲ್ಲಿ ಬಳಸಿದ ಮುಖ್ಯ ನಿದರ್ಶನಗಳಲ್ಲಿ ಜರ್ಮನಿಯ ಹೆರ್ನೆ ನಗರದ ಮಾಂಟ್ ಸೆನಿಸ್ ಅಕಾಡೆಮಿ (1999) ಒಂದು. ಅದರ ಸಾಮರ್ಥ್ಯ ಸುಮಾರು 1 ಮೆಗಾವಾಟ್.

ಇಳಿಜಾರು ಮತ್ತು ಅಡ್ಡ ಸಂದು

ಇಳಿಜಾರಿನ ಗುಂಟ ಸಾಗುವ ಉದ್ದ ಸಂದಿಗೆ ಬೀಳುವುದು ಅದರ ಮೇಲಿನ ಮಳೆ, ಜೊತೆಗೆ ಪಕ್ಕದಿಂದ ಬರುವ ಸ್ವಲ್ಪ ನೀರು. ಅಡ್ಡ ಸಂದಿಗಾದರೋ ಮೇಲಿನ ಸಾಲಿನ ನೀರೆಲ್ಲ ಬಂದು ಬೀಳುತ್ತದೆ. ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲದ ಐದು ಫಲಕಗಳ ಒಂದು ಸಾಲು 13 ಚದರ ಮೀಟರಿನಷ್ಟಾಗುತ್ತದೆ. ಗಂಟೆಗೆ 50 ಮಿ.ಮೀ. ಮಳೆ ಹೊಡೆದರೆ ಕೆಳಗಿನ ಅಡ್ಡ ಸಂದನ್ನು ಗಂಟೆಗೆ ಸುಮಾರು 650 ಲೀಟರ್ ನೀರು ದಾಟಬೇಕು. ಆದ್ದರಿಂದ ಫಲಕಗಳನ್ನು ಉದ್ದಕ್ಕೆ ನಿಲ್ಲಿಸಿ ಒಂದೇ ಸಾಲಿನಲ್ಲಿ ಮಾಡು ಮುಗಿಸುವುದು ಎಲ್ಲಕ್ಕಿಂತ ಒಳ್ಳೆಯ ಪರಿಹಾರ. ಅಡ್ಡ ಸಂದೇ ಇರುವುದಿಲ್ಲ.

ಇಳಿಜಾರು 10 ಡಿಗ್ರಿಗೆ ಕಡಿಮೆಯಿದ್ದರೆ ಧೂಳು ತೊಳೆದುಹೋಗುವುದು ಕಷ್ಟ. ಮೇಲೆ ಹೇಳಿದ ಅಳತೆಯ ಫಲಕಕ್ಕೆ 10 ಡಿಗ್ರಿ ಎಂದರೆ ಮೇಲಂಚು ಕೆಳಂಚಿಗಿಂತ ಸುಮಾರು 40 ಸೆಂ.ಮೀ. ಎತ್ತರದಲ್ಲಿರಬೇಕು.

ಸೀಲಂಟ್

ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ 0.023 ಮಿ.ಮೀ. ಹಿಗ್ಗುತ್ತದೆ. ನಸುಕಿನಿಂದ ನಡುಮಧ್ಯಾಹ್ನಕ್ಕೆ ಫಲಕದ ಬಿಸಿ 45 ಡಿಗ್ರಿ ಏರಿದರೆ 1.13 ಮೀಟರ್ ಅಗಲದ ಚೌಕಟ್ಟು 1.2 ಮಿ.ಮೀ.ನಷ್ಟು ಹಿಗ್ಗುತ್ತದೆ. ಸಂದು 20 ಮಿ.ಮೀ. ಇದ್ದರೆ ಇದು ಲೆಕ್ಕಕ್ಕಿಲ್ಲ. ಫಲಕಗಳನ್ನು ಒತ್ತೊತ್ತಾಗಿ ಕೂರಿಸಿ 3 ಮಿ.ಮೀ. ಸಂದಿಗೆ ಸೀಲಂಟ್ ತುಂಬಿದ್ದರೆ ಅದು ದಿನವೂ ತನ್ನ ಅಗಲದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎಳೆತಕ್ಕೆ ಸಿಕ್ಕುತ್ತದೆ. 25 ಪ್ರತಿಶತ ಚಲನೆಗೆ ತಯಾರಾದ ಸಿಲಿಕೋನ್ ಇದನ್ನು ಬಹುಕಾಲ ತಾಳದು. ಸೋರಿದ ಮಾಡಿಗೆ ಮೇಲಿಂದ ಮೇಲೆ ಸಿಲಿಕೋನ್ ಬಳಿದರೂ ಮುಂದಿನ ಮಳೆಗಾಲದಲ್ಲಿ ಮತ್ತೆ ಸೋರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಸೀಲಂಟ್ ಬಳಸಲೇಬೇಕಾದರೆ ಹುಳಿವಾಸನೆಯ ಅಸಿಟಾಕ್ಸಿ ಸಿಲಿಕೋನ್ ಬೇಡ. ಅದು ಗಟ್ಟಿಯಾಗುವಾಗ ಹೊರಬರುವ ಅಸಿಟಿಕ್ ಆಮ್ಲ ಲೋಹವನ್ನು ತಿನ್ನಬಲ್ಲದು. ನ್ಯೂಟ್ರಲ್ ಸಿಲಿಕೋನ್ ಸೂಕ್ತ. ಸಂದಿನೊಳಗೆ ಮೊದಲು ಫೋಮ್ ಹುರಿ ತುರುಕಿದರೆ ಸೀಲಂಟ್ ಎರಡು ಬದಿಗಷ್ಟೇ ಅಂಟಿ, ನಡುವೆ ಸಲೀಸಾಗಿ ಹಿಗ್ಗಿ ಕುಗ್ಗುತ್ತದೆ. ತಳಕ್ಕೂ ಅಂಟಿದರೆ ಹರಿಯುತ್ತದೆ.

ದೋಣಿ

ಪ್ರತಿ ಉದ್ದ ಸಂದಿನ ಅಡಿಗೂ ಒಂದು ಕಾಲುವೆ ಬರುವಂತೆ ಅಲ್ಯೂಮಿನಿಯಂ ಅಥವಾ ಸತುಲೇಪದ ತಗಡಿನ ದೋಣಿ ಇಟ್ಟು, ಫಲಕಗಳನ್ನು ಅದರ ಎರಡು ದಡಗಳ ಮೇಲೆ ಇಪಿಡಿಎಂ ರಬ್ಬರಿನ ಪಟ್ಟಿ ಹಾಸಿ ಕೂರಿಸುತ್ತಾರೆ. ಅಡ್ಡ ಸಂದಿದ್ದರೆ ಅದರಡಿಯ ಕಿರುದೋಣಿಯ ತುದಿಗಳು ಉದ್ದ ದೋಣಿಯ ಮೇಲೆ ಚಾಚಿ ಅದರೊಳಕ್ಕೆ ನೀರು ಸುರಿಯಬೇಕು, ಪಕ್ಕಕ್ಕೆ ತಾಗಿ ನಿಂತರೆ ಸಾಲದು. ದೋಣಿಗೆ ಬೋಲ್ಟಿನ ತೂತು ಕೊರೆಯುವುದಾದರೆ ಅದರ ತಳದಲ್ಲಿ ಕೊರೆಯಬಾರದು. ಕೆಳತುದಿ ಗೋಡೆಗೆ ನೀರು ತಾಗದಷ್ಟು ಹೊರಚಾಚಿ ಸೂರಿನ ದೋಣಿಗೆ ಸೇರಬೇಕು. ಮಲೆನಾಡಿನಲ್ಲಿ ಉದುರಿದ ಎಲೆ ಕಟ್ಟಿಕೊಳ್ಳುವುದರಿಂದ ಕೈ ಹಾಕಿ ತೆಗೆಯುವಷ್ಟು ಅಗಲದ ಸೂರಿನ ದೋಣಿಯೇ ಬೇಕು.

ವಿದ್ಯುತ್ ಸುರಕ್ಷತೆ

ಬೆಳಕಿರುವವರೆಗೆ ಫಲಕದಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ವೈರು ಮತ್ತು ಕನೆಕ್ಟರುಗಳನ್ನು ದೋಣಿಯೊಳಗೆ ಹಾಯಿಸಬಾರದು. ಚೌಕಟ್ಟಿಗೂ ದೋಣಿಗೂ ಅರ್ಥಿಂಗ್ ಇರಬೇಕು. ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡದಿದ್ದರೆ ಬಿಸಿ ಏರಿ ಉತ್ಪಾದನೆ ಇಳಿಯುತ್ತದೆ.

ಪರೀಕ್ಷೆ

ಪೈಪಿನಿಂದ ನೀರು ಬಿಟ್ಟು ನೋಡುವಾಗ ಕೆಳಂಚಿನಿಂದ ಆರಂಭಿಸಿ ಒಂದೊಂದೇ ಸಂದಿನಂತೆ ಮೇಲೇರಬೇಕು. ಮೇಲಿನಿಂದ ಬಿಟ್ಟರೆ ನೀರು ಎಲ್ಲಿ ಒಳನುಗ್ಗಿತೆಂದು ತಿಳಿಯುವುದಿಲ್ಲ. ಫಲಕವನ್ನು ಮೆಟ್ಟಿದರೆ ಕೋಶಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಹಾಗಾಗಿ ಈ ಕೆಲಸವನ್ನು ಬದಿಯಲ್ಲಿ ಏಣಿಯಿಟ್ಟು ಮಾಡಬೇಕು, ಅಡಿಯಲ್ಲಿ ಇನ್ನೊಬ್ಬರು ನಿಂತು ಹನಿ ಬೀಳುವ ಜಾಗ ಗುರುತಿಸಬೇಕು.